ನೀಲಾ ಹೇಳಿದ ‘ಅಡ್ಡಿಯಿಲ್ರಿ’

“ಅಯ್ಯೋ ಶಿವನ... ಯಾರದೋ ಹೆಣ ಹೊತ್ಕೊಂಡ್ ಬಂದಾನ ನೋಡವ್ವಾ!”

ಸಿದ್ದಕ್ಕನ ಕೂಗಿಗೆ ನೀಲಾಂಬಿಕಾ ಬೆಚ್ಚಿ ತಿರುಗಿದಳು.

ಪೀಣ್ಯದ ಆ ಫೈಬರ್ ಶೆಡ್ಡಿನ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಹೆಗಲ ಮೇಲೆ ಆಳಿಗಿಂತ ಉದ್ದದ ಒಂದು ಗಂಟು. ಅದಕ್ಕೆ ಹೂವಿನ ಚಿತ್ತಾರದ ಬೆಡ್‌ಶೀಟ್ ಸುತ್ತಿ ಹಗ್ಗ ಬಿಗಿದಿದ್ದ. ಸಿದ್ದಕ್ಕ ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ!

ನೀಲಾ ಕೈಗವಸು ತೆಗೆದು ಮುಂದೆ ಬಂದಳು. “ಏನ್ರಿ ಇದು? ಮೊದಲ ಬಿಚ್ಚಿ ತೋರಿಸ್ರಿ. ಇಲ್ಲಂದ್ರ ಒಳಗ ಬಿಡಂಗಿಲ್ಲ.”

“ಹೆಣ ಅಲ್ಲ ಮೇಡಂ. ಆದ್ರೆ ಹೆಚ್ಚು ಕಮ್ಮಿ ಸತ್ತೇ ಹೋಗಿದೆ,” ಎಂದು ಅವನು ಬೆಡ್‌ಶೀಟ್ ಬಿಚ್ಚಿದ.

ಒಳಗಿದ್ದದ್ದು ಸಮುದ್ರದ ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಬೋರ್ಡು. ಅದರ ಮೂಗು, ಅಂದರೆ ಮುಂದಿನ ಚೂಪು ತುದಿ, ಮುರಿದಿತ್ತು.

“ಬೆಂಗಳೂರಲ್ಲಿ ಇದನ್ನ ರಿಪೇರಿ ಮಾಡೋರೇ ಇಲ್ಲ. ನೀವು ಫೈಬರ್ ಕೆಲಸ ಮಾಡ್ತೀರಲ್ಲ, ಹೇಗಾದ್ರೂ ಬದುಕಿಸಿಕೊಡಿ!”

“ನಾವು ಪಾರ್ಕಿನಾಗ ಇಡೋ ಪೆಂಗ್ವಿನ್ ಕಸದ ಡಬ್ಬಿ ಮಾಡ್ತೀವ್ರಿ. ಇಂಥಾದ್ದು ಮಾಡಿಲ್ಲ.”

“ಪೆಂಗ್ವಿನ್ನೂ ನೀರಿಗಿಳಿಯುತ್ತೆ ಅಲ್ವಾ ಮೇಡಂ?”

ಅವಳಿಗೆ ನಗು ಬಂತು. ತಡೆದುಕೊಳ್ಳಲು ತಲೆ ತಗ್ಗಿಸಿದಳು. ತಲೆ ಎತ್ತಿದಾಗ ಅವನು ಬೋರ್ಡನ್ನಲ್ಲ, ಅವಳನ್ನೇ ನೋಡುತ್ತಿದ್ದ. ಅವಳು ತೆಗೆದ ಕೈಗವಸನ್ನು ಬೇಗಬೇಗ ಮತ್ತೆ ಹಾಕಿಕೊಂಡಳು.

ಶೆಡ್ಡಿನ ಮಾಲೀಕ ಚಿಕ್ಕಬೈರಪ್ಪ ಒಳಗಿನಿಂದಲೇ ಕೂಗಿದರು. “ಮಾಡ್ಕೊಡಮ್ಮ ಅತ್ಲಾಗೆ. ಅಂಗೇ ಕಳಿಸ್ಬೇಡ, ಪಾಪ ಮುಖ ನೋಡು ಎಂಗಾಗೈತೆ!”

ಅವನ ಹೆಸರು ಶಿವಶಂಕರ್. ಎರಡು ರಸ್ತೆ ಆಚೆಯ ಕಾರ್ಖಾನೆಯಲ್ಲಿ ಮೆಷಿನ್ ಪ್ರೋಗ್ರಾಮರ್. ಒಮ್ಮೆ ಕಂಪನಿಯ ಟೂರಿನಲ್ಲಿ ಮಹಾಬಲಿಪುರಕ್ಕೆ ಹೋದವನು ಅಲ್ಲಿನ ಬೆಸ್ತರ ಹುಡುಗರು ಅಲೆಯ ಮೇಲೆ ನಿಂತು ಬರುವುದನ್ನು ಕಂಡು ಹುಚ್ಚು ಹಿಡಿಸಿಕೊಂಡಿದ್ದ. ತಂದೆ ತಾಯಿ ಇಲ್ಲ. ಅಣ್ಣನ ಮನೆಯಲ್ಲಿ ಒಂದು ಕೋಣೆ, ಆ ಕೋಣೆಯ ತುಂಬ ಈ ಬೋರ್ಡು!

ನೀಲಾ ರೋಣದ ಹುಡುಗಿ. ಡಿಪ್ಲೊಮಾ ಮುಗಿಸಿ ಬಂದು ಈ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದಳು. ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿ ಇದೇ ಶೆಡ್ಡಿನ ಕೆಲಸದವಳೂ ತನ್ನೂರಿನ ಕಡೆಯವಳೂ ಆದ ಸಿದ್ದಕ್ಕನ ಜೊತೆ ವಾಸ. ಸಮುದ್ರವನ್ನು ಅವಳು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಳು.

ಅಂದಿನಿಂದ ಶಂಕರ್ ಶಿಫ್ಟ್ ಮುಗಿದ ಕೂಡಲೇ ಶೆಡ್ಡಿಗೆ ಬರತೊಡಗಿದ. ನೆಪ ಬೋರ್ಡಿನದು. ಯಾರನ್ನು ನೋಡಲು ಬರುತ್ತಾನೆಂದು ಸಿದ್ದಕ್ಕನಿಗೆ ಗೊತ್ತಿತ್ತು, ಚಿಕ್ಕಬೈರಪ್ಪನವರಿಗೆ ಗೊತ್ತಿತ್ತು, ಕೊನೆಗೆ ಆ ಪೆಂಗ್ವಿನ್ನುಗಳಿಗೂ ಗೊತ್ತಿತ್ತು. ಅವರಿಬ್ಬರು ಮಾತ್ರ ಫೈಬರಿಗೆ ಹಚ್ಚುವ ಅಂಟು, ಆ ರೆಸಿನ್ ಒಣಗುವ ಬಗ್ಗೆಯೇ ಮಾತನಾಡುತ್ತಿದ್ದರು!

“ಈ ಸಲ ದೊಡ್ಡ ಪ್ಲಾನು ಮೇಡಂ,” ಎಂದು ಒಂದು ಸಂಜೆ ಅವನು ಫೈಬರ್ ಉಜ್ಜಿ ಮೇಜಿನ ಮೇಲೆ ಬಿದ್ದಿದ್ದ ಬಿಳಿ ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆದ. “ಇದು ಮಹಾಬಲಿಪುರದ ದಡ. ಇಲ್ಲಿ ನೆಲ ಮೂಗಿನ ಥರ ಸಮುದ್ರಕ್ಕೆ ಚಾಚ್ಕೊಂಡಿದೆ. ಅಲೆ ಈ ಮೂಗಿನ ಹತ್ರ ಒಡೆಯೋಕೆ ಶುರುವಾದ್ರೆ, ದಡದ ಪಕ್ಕದಲ್ಲೇ ಸಾಲಾಗಿ ಒಡೀತಾ ಹೋಗುತ್ತೆ. ಇದನ್ನೇ ಪಾಯಿಂಟ್ ಬ್ರೇಕ್ ಅನ್ನೋದು.”

“ಅಂದ್ರ ಒಮ್ಮೆಲೆ ಧಡಲ್ ಅಂತ ಬೀಳಂಗಿಲ್ಲ. ಸೀರಿ ಮಡಚಿದಂಗ ಒಂದ ಕಡೆಯಿಂದ ಮಡಚಿಕೋತ ಹೋಗತೈತಿ.”

“ಅದೇ! ಅದೇ ಮೇಡಂ! ನಮ್ ರಾಮಾಂಜಿನಪ್ಪಂಗೆ ಎಷ್ಟು ವರ್ಷದಿಂದ ಹೇಳ್ತಿದೀನಿ, ತಲೆಗೇ ಹೋಗಿಲ್ಲ ಅವನಿಗೆ!”

ರಾಮಾಂಜಿನಪ್ಪ ಅವನ ಗೆಳೆಯ. ಹೋಗಲಿದ್ದ ವ್ಯಾನು ರಾಮಾಂಜಿನಪ್ಪನದೇ. ಅವನ ಹೆಂಡತಿ ಯಮುನಾಳೂ ಹೊರಟಿದ್ದಳು. ಶನಿವಾರ ಹೋದರೆ ಚೆನ್ನೈನವರೆಲ್ಲ ಅಲ್ಲೇ ಬಂದು ತುಂಬಿ, ಒಂದೊಂದು ಅಲೆಗೂ ನೂಕುನುಗ್ಗಲು. ಆದ್ದರಿಂದ ಶುಕ್ರವಾರ ಬೆಳಗಾಗುತ್ತಲೇ ಹೊಸೂರು ರಸ್ತೆ ಹಿಡಿಯಬೇಕು, ಬಿಸಿಲು ಇಳಿಯುವಷ್ಟರಲ್ಲಿ ನೀರಿಗಿಳಿಯಬೇಕು! ಶಂಕರ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗಳಿಗೆಗೊಮ್ಮೆ ಫೋನ್ ತೆಗೆದು ಅಲೆಯ ಮುನ್ಸೂಚನೆ ನೋಡುತ್ತಿದ್ದ. ಆ ಚಡಪಡಿಕೆ ನೀಲಾಳಿಗೂ ಅಂಟಿಕೊಂಡಿತು.

ಅವನು ತನ್ನದೊಂದು ವಿಡಿಯೋ ತೋರಿಸಿದ. ಹಸಿರು ಅಲೆ ಮಗುಚಿ ಬರುತ್ತಿದೆ... ಅದರ ಮುಂದೆ ಮೊಣಕಾಲು ಬಾಗಿಸಿ, ಕೈ ಚಾಚಿ ಜಾರಿ ಬರುತ್ತಿದ್ದಾನೆ ಶಂಕರ್! ನೀಲಾ ಉಸಿರು ಬಿಗಿ ಹಿಡಿದು ನೋಡಿದಳು.

‘ದೇವರೇ... ಎಷ್ಟು ಚೆಂದ ಕಾಣ್ತಾನ ಇವ!’

“ಹೇಗಿದೆ ಮೇಡಂ?”

“ಅಡ್ಡಿಯಿಲ್ರಿ,” ಎಂದಳು ಮನಸ್ಸು ತುಂಬಿ.

ಅವಳ ಸೀಮೆಯಲ್ಲಿ ಆ ಮಾತಿಗೆ ಬಲು ತೂಕ. ಊಟ ರುಚಿಯಾಗಿದ್ದರೆ ಅಡ್ಡಿಯಿಲ್ಲ, ಅಳಿಯ ಒಳ್ಳೆಯವನಾದರೆ ಅಡ್ಡಿಯಿಲ್ಲ, ಒಪ್ಪಿಗೆಯಾದರೂ ಅಡ್ಡಿಯಿಲ್ಲ. ಆದರೆ ಬೆಂಗಳೂರಿನ ನಾಗಸಂದ್ರದಲ್ಲಿ ಹುಟ್ಟಿ ಬೆಳೆದ ಶಂಕರನ ಕಿವಿಗೆ ಅದು ಕೇಳಿಸಿದ್ದೇ ಬೇರೆ. ‘ಏನೋ ಒಂದು, ಪರವಾಗಿಲ್ಲ’ ಎಂದಂತೆ!

ಅವನ ಮುಖ ಸಪ್ಪಗಾಯಿತು. ಫೋನ್ ಜೇಬಿಗೆ ಸೇರಿತು. ನೀಲಾಳಿಗೆ ಅದು ಗೊತ್ತಾಗಲೇ ಇಲ್ಲ. ಅವಳ ಕಣ್ಣಲ್ಲಿ ಇನ್ನೂ ಆ ಹಸಿರು ಅಲೆಯೇ ಇತ್ತು.

ಮರುದಿನ ಅವನು ಧೈರ್ಯ ಮಾಡಿ ಕೇಳಿಯೇಬಿಟ್ಟ. ಕೇಳುವ ಮೊದಲು ಒಂದು ಪೆಂಗ್ವಿನ್ನಿನ ತಲೆ ಸವರಿದ, ಗಂಟಲು ಸರಿಮಾಡಿಕೊಂಡ.

“ಮೇಡಂ... ನೀವೂ ಬರ್ತೀರಾ? ಯಮುನಾ ಇರ್ತಾಳೆ, ನಿಮಗೂ ಜೊತೆಯಾಗುತ್ತೆ. ನಿಮಗೆ ಆ ಪಾಯಿಂಟ್ ತೋರಿಸ್ಬೇಕು ಅಂತ... ನನಗೆ ತುಂಬಾ ಆಸೆ.”

ನೀಲಾಳ ಕಿವಿ ಬಿಸಿಯಾಯಿತು. ‘ಬರ್ತೇನಿ, ನೀ ಕರದಲ್ಲಿಗೆ ಬರ್ತೇನಿ!’ ಎಂದು ಮನಸ್ಸು ಕೂಗಿತು. ನಾಚಿಕೆಯಿಂದ ಕಣ್ಣು ಮೇಲೆತ್ತಲಾಗದೆ, ಕೈಯಲ್ಲಿದ್ದ ಬ್ರಷ್ಷನ್ನೇ ನೋಡುತ್ತ ಅಂದಳು.

“ಅಡ್ಡಿಯಿಲ್ರಿ.”

ಅವನು ಪೆಂಗ್ವಿನ್ನಿನ ತಲೆಯ ಮೇಲಿಂದ ಕೈ ತೆಗೆದ.

“ಓ... ಸರಿ. ಬಲವಂತ ಏನಿಲ್ಲ ಮೇಡಂ,” ಎಂದು ಹೊರಟುಹೋದ.

‘ಬೆಂಗಳೂರು ಮಂದಿ ಎಲ್ಲಾದಕ್ಕೂ ಬಲವಂತ ಇಲ್ಲ ಅಂತಾರ,’ ಎಂದುಕೊಂಡು ಅವಳು ನಕ್ಕಳು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಲ್ಲಿ ನೋಡಿ, ಇಬ್ಬರೂ ಮಾತು ಬಲ್ಲವರೇ, ಇಬ್ಬರದೂ ಕನ್ನಡವೇ!

ಆ ವಾರ ನೀಲಾ ಹಗಲೆಲ್ಲ ಗಾಳಿಯಲ್ಲಿ ತೇಲಿದಳು. ಬೇಗ ಒಣಗುವ ಬಟ್ಟೆಯ ಚೂಡಿದಾರ ಕೊಂಡಳು. ಸಿದ್ದಕ್ಕನಿಂದ ಚಕ್ಕುಲಿ ಮಾಡಿಸಿದಳು. ಆದರೆ ಶಂಕರ್ ಬರಲಿಲ್ಲ. ಫೋನೂ ಇಲ್ಲ, ಮೆಸೇಜೂ ಇಲ್ಲ.

ಎಷ್ಟು ಹೊತ್ತಿಗೆ ಹೊರಡುವುದು? ಎಲ್ಲಿ ನಿಂತಿರಬೇಕು? ಕೇಳೋಣವೆಂದು ಫೋನ್ ಕೈಗೆತ್ತಿಕೊಂಡಳು, ಮತ್ತೆ ಇಟ್ಟಳು. ‘ಕರದಾಂವ ಅವ. ಹೇಳೋದು ಅವನ ಕೆಲಸ ಅಲ್ಲೇನು?’ ಕೂತರೆ ಮುಳ್ಳಿನ ಮೇಲೆ ಕೂತಂತೆ. ಹಾರ್ಡನರ್ ಜಾಸ್ತಿ ಸುರಿದು ಒಂದು ಬಕೆಟ್ ರೆಸಿನ್ ಬಕೆಟ್ಟಿನಲ್ಲೇ ಗಟ್ಟಿಯಾಯಿತು. ಚಿಕ್ಕಬೈರಪ್ಪ ಬಕೆಟ್ಟನ್ನೂ ಅವಳನ್ನೂ ನೋಡಿ, ಹೊಸ ಬಕೆಟ್ ತಂದಿಟ್ಟು ಹೋದರು.

ಗುರುವಾರ ಮಧ್ಯಾಹ್ನ ರಾಮಾಂಜಿನಪ್ಪ ಬಂದ. ವ್ಯಾನಿನ ಮೇಲೆ ಕಟ್ಟಲು ಬೋರ್ಡಿನ ಅಗಲ ನೋಡಬೇಕಿತ್ತು ಅವನಿಗೆ.

“ನೀವೂ ಬಂದಿದ್ರೆ ಚೆನ್ನಾಗಿತ್ತು ಅಕ್ಕಾ. ಯಮುನಾಗೆ ಪಾಪ, ಒಬ್ಳಿಗೇ ಬೇಜಾರಾಗುತ್ತೆ.”

ನೀಲಾಳ ಕೈ ನಿಂತಿತು. “ನಾ... ಬರಂಗಿಲ್ಲ ಅಂತ ಯಾರಂದ್ರು?”

“ಶಂಕರನೇ ಹೇಳ್ದ. ಅವರಿಗೆ ಇಷ್ಟ ಇಲ್ಲ, ಮುಲಾಜಿಗೆ ಹೂಂ ಅಂದ್ರು, ಸುಮ್ನೆ ತೊಂದ್ರೆ ಕೊಡೋದ್ ಬೇಡ ಅಂತ.” ಅವನು ಹಗ್ಗ ಸುತ್ತುತ್ತ ಮುಂದುವರಿಸಿದ. “ಅವ್ನು ನಮ್ ಜೊತೆ ವಾಪಸ್ ಬರಲ್ಲ ಅಕ್ಕಾ. ಅಲ್ಲಿ ಸರ್ಫಿಂಗ್ ಕಲಿಸೋರು ಒಬ್ರು ಕರೀತಾನೇ ಇದ್ರು, ಇಲ್ಲೇ ಇದ್ಬಿಡು ಅಂತ. ಇಷ್ಟು ದಿನ ಆಗಲ್ಲ ಅಂತಿದ್ದೋನು, ಈಗ ಹೂಂ ಅಂದಿದಾನೆ. ಕೆಲಸಾನೂ ಬಿಡ್ತೀನಿ ಅಂತ ಹೇಳಿಯಾಯ್ತು. ಇಲ್ಲಿ ನಂಗ್ಯಾರಿದಾರೆ ಮಗಾ, ಅಂತಾನೆ.”

ನೀಲಾಳ ಕಣ್ಣು ಮಂಜಾಯಿತು. ರೆಸಿನ್ ಘಾಟು ಎಂದು ಹೇಳಿ ಹಿಂದಿನ ಬಾಗಿಲಿಗೆ ಹೋಗಿ ನಿಂತಳು.

‘ನಾ ಇದ್ದೆನಲ್ಲ... ನಾ ಒಪ್ಪಿದ್ದೆನಲ್ಲ! ಕರದು, ಆಸೆ ಹಚ್ಚಿ, ಈಗ ನನ್ನ ಮ್ಯಾಲ ಸುಳ್ಳು ಹೇಳಿ ಬಿಟ್ಟು ಹೊಂಟಾನ. ಬ್ಯಾಡಾಗಿದ್ರ ಯಾಕ ಕರೀಬೇಕಿತ್ತು?’

ಸಂಜೆ ಶಂಕರ್ ಬಂದ. ಅವಳ ಮುಖ ನೋಡಲಿಲ್ಲ. ಅವಳೂ ಅವನ ಮುಖ ನೋಡಲಿಲ್ಲ. ಬೋರ್ಡು ಮೇಜಿನ ಮೇಲೆ ಮೂಗು ಜೋಡಿಸಿಕೊಂಡು ಹೊಳೆಯುತ್ತಿತ್ತು.

“ತುಂಬಾ ಚೆನ್ನಾಗ್ ಮಾಡಿದೀರಾ ಮೇಡಂ. ಥ್ಯಾಂಕ್ಸ್.”

“ಒಯ್ರಿ. ತಡ ಆಗತೈತಿ ನಿಮಗ.”

“ಹೂಂ... ಮತ್ತೆ ಸಿಗ್ತೀನೋ ಇಲ್ವೋ...”

“ಸಿಗೂದು ಯಾಕ್ರಿ?”

ಆ ಮಾತು ಅವನಿಗೆ ಚುಚ್ಚಿತು. ಆಡಿದವಳಿಗೆ ಇನ್ನೂ ಹೆಚ್ಚು ಚುಚ್ಚಿತು. ಅವನು ಬೋರ್ಡನ್ನು ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದ. ‘ಹೋಗಬ್ಯಾಡ’ ಎನ್ನುವ ಬದಲು ಅವಳು ಖಾಲಿಯಾದ ಮೇಜನ್ನು ಒರೆಸತೊಡಗಿದಳು.

ಆಗಲೇ ಸಿದ್ದಕ್ಕನ ಫೋನು ಕಿರುಚಿತು.

“ಹಲೋ! ಏನಾತು? ಆತಾ? ಹೆಣ್ಣಾ? ತಾಯಿ ಮಗು ಆರಾಮ ಅದಾವಾ? ... ಅಡ್ಡಿಯಿಲ್ಲವ್ವಾ... ಅಡ್ಡಿಯಿಲ್ಲ!”

ಸಿದ್ದಕ್ಕನ ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಅಳುತ್ತ, ನೀಲಾಳನ್ನು ತಬ್ಬಿ ಕುಣಿಯತೊಡಗಿದಳು. “ಮೊಮ್ಮಗಳು ಬಂದಾಳವ್ವಾ! ಅಡ್ಡಿಯಿಲ್ಲ, ಅಡ್ಡಿಯಿಲ್ಲ!”

ಬಾಗಿಲಲ್ಲಿ ಶಂಕರ್ ಕಂಬದಂತೆ ನಿಂತುಬಿಟ್ಟಿದ್ದ.

“ಸಿದ್ದಕ್ಕಾ... ಇಷ್ಟು ದೊಡ್ಡ ಖುಷಿಗೆ ಬರೀ ಅಡ್ಡಿಯಿಲ್ಲ ಅಂತೀರಾ?”

“ಬರೀ ಅಂದ್ರ? ಮತ್ತೇನನ್ಬೇಕೋ ತಮ್ಮಾ? ಮನಸ ತುಂಬಿದಾಗ ನಾವು ಅನ್ನೂದ ಹಿಂಗ!”

“ಇಷ್ಟ ಇಲ್ದೇ ಇದ್ರೆ?”

“ಇಷ್ಟ ಇಲ್ಲಂದ್ರ ಬ್ಯಾಡ ಅಂತೀವಿ. ಅದಕ್ಕೇನು ಹೆದರಿಕಿ ನಮಗ?”

ಶಂಕರ್ ಬೋರ್ಡನ್ನು ಗೋಡೆಗೆ ಒರಗಿಸಿದ.

“ಮೇಡಂ... ಆವತ್ತು ನೀವು ಅಂದ ಅಡ್ಡಿಯಿಲ್ಲ...”

ಸಿದ್ದಕ್ಕ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು. ಊರಿಗೆ ಇನ್ನೊಂದು ಫೋನ್ ಮಾಡಬೇಕೆಂದು ಹೇಳಿ ಹೊರಗೆ ನಡೆದಳು.

ನೀಲಾಳಿಗೆ ಎಲ್ಲ ಅರ್ಥವಾಯಿತು. ಸಪ್ಪಗಾದ ಮುಖ, ಬಲವಂತ ಇಲ್ಲವೆಂಬ ಮಾತು, ವಾರವಿಡೀ ಬಾರದ ಫೋನು... ಎಲ್ಲ! ಆದರೆ ಸಮಾಧಾನಕ್ಕಿಂತ ಮೊದಲು ಬಂದದ್ದು ಸಿಟ್ಟು.

“ಒಂದ ಮಾತು ತಿಳೀಲಿಲ್ಲ ಅಂತ ಊರ ಬಿಟ್ಟು ಹೊಂಟ್ರೇನು? ಇನ್ನೊಂದ ಸಲ ಕೇಳಿದ್ರ ಬಾಯಿ ಸವೀತಿತ್ತಾ?”

“ಭಯ ಆಯ್ತು... ಎರಡನೇ ಸಲ ಕೇಳಿದ್ರೆ ನೇರವಾಗಿ ಇಲ್ಲ ಅಂದ್ಬಿಡ್ತೀರಿ ಅಂತ. ಅದನ್ನ ಕೇಳಿಸ್ಕೊಳ್ಳೋದಕ್ಕಿಂತ ದೂರ ಹೋಗೋದೇ ಸುಲಭ ಅನ್ನಿಸ್ತು.”

“ನಿಮಗ ಸುಲಭ! ನಾನು?” ಅವಳ ದನಿ ಒಡೆಯಿತು. “ಈ ವಾರ ನಾ ಹೆಂಗ ಕಳದೆ ಗೊತ್ತೇನ್ರಿ? ಗೇಟು ಸಪ್ಪಳಾದ್ರ ನೀವು ಅಂತ ನೋಡಿದೆ. ಫೋನ್ ಬಡದ್ರ ನೀವು ಅಂತ ಓಡಿದೆ. ಅಷ್ಟು ಎತ್ತರದ ಅಲಿಗೆ ಹೆದರಂಗಿಲ್ಲ, ನನ್ನ ಒಂದ ಮಾತಿಗೆ ಹೆದರಿದ್ರಿ!”

ಅವನ ಕಣ್ಣೂ ತುಂಬಿತ್ತು. “ನೀವು ಹೇಳಿ, ಹೋಗ್ಲೋ ಬೇಡ್ವೋ. ಈ ಸಲ ನನಗೆ ಅರ್ಥ ಆಗೋ ಹಾಗೆ ಹೇಳಿ.”

ನೀಲಾ ಕಣ್ಣೊರೆಸಿಕೊಂಡಳು. ಈ ಬಾರಿ ತಲೆ ತಗ್ಗಿಸಲಿಲ್ಲ. ಅವನ ಮುಖವನ್ನೇ ನೋಡಿ ಅಂದಳು.

“ಅಲಿ ಆಡಾಕ ಹೋಗ್ರಿ. ಇರಾಕ ಹೋಗಬ್ಯಾಡ್ರಿ. ನಂಗ ನೀವು ಬೇಕು.”

ಶಂಕರ್ ಅಲ್ಲಿಯೇ ನಿಂತು, ಅವಳ ಮುಂದೆಯೇ ಮಹಾಬಲಿಪುರಕ್ಕೆ ಫೋನ್ ಮಾಡಿದ. ಬರುತ್ತೇನೆ, ಆದರೆ ಭಾನುವಾರ ವಾಪಸು ಎಂದ. ಆಮೇಲೆ ಕಾರ್ಖಾನೆಗೂ ಫೋನ್ ಮಾಡಿ, ಕೆಲಸ ಬಿಡುವ ಮಾತನ್ನು ಮರೆತುಬಿಡಿ ಸಾರ್ ಎಂದು ಬೇಡಿಕೊಂಡ. ಅತ್ತಲಿಂದ ಸರಿಯಾಗಿ ಬೈಗುಳ ಬಿತ್ತು. ಬೈಸಿಕೊಳ್ಳುತ್ತಲೇ ಅವನು ನಗುತ್ತಿದ್ದ.

ಶುಕ್ರವಾರ ಬೆಳಗಿನ ಚಳಿಯಲ್ಲಿ ವ್ಯಾನು ಬಾಗಲಗುಂಟೆಯ ತಿರುವಿಗೆ ಬಂದು ನಿಂತಿತು. ಮೇಲೆ ಬೋರ್ಡು ಕಟ್ಟಿತ್ತು. ಹಿಂದಿನ ಸೀಟಿನಲ್ಲಿದ್ದ ಯಮುನಾ ನೀಲಾಳನ್ನು ಕಂಡದ್ದೇ ತಡ, ಎದ್ದು ಗಂಡನ ಪಕ್ಕ ಮುಂದೆ ಹೋಗಿ ಕೂತಳು. “ನಂಗೆ ಹಿಂದೆ ಕೂತ್ರೆ ವಾಂತಿ ಬರುತ್ತೆ ಕಣ್ರೀ!” ಅದು ಸುಳ್ಳೆಂದು ನಾಲ್ವರಿಗೂ ಗೊತ್ತಿತ್ತು.

ವ್ಯಾನು ಹೊಸೂರು ರಸ್ತೆಯ ಮೇಲ್ಸೇತುವೆ ಏರಿತು. ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ಗಾಜಿಗೆ ಬಿಸಿಲು ಬೀಳತೊಡಗಿದಾಗ ಶಂಕರ್ ಮೆಲ್ಲಗೆ ಕೇಳಿದ.

“ಮನೇಲಿ ಹೇಳಿದ್ರಾ?”

“ಅವ್ವಗ ಫೋನ್ ಮಾಡಿದೆ. ಯಾರ ಜೋಡಿ ಹೊಂಟಿ ಅಂತ ಕೇಳಿದ್ಲು.”

“ಏನಂದ್ರಿ?”

“ನಾ ಮದುವಿ ಆಗೋ ಹುಡುಗನ ಜೋಡಿ ಅಂದೆ.”

ಮುಂದಿನ ಸೀಟಿನಲ್ಲಿ ಯಮುನಾ ಕೆಮ್ಮಿದಳು. ಶಂಕರ್ ಪೂರ್ತಿ ಅವಳ ಕಡೆ ತಿರುಗಿ ಕೇಳಿದ.

“ಅದಕ್ಕೆ... ಅವ್ರು ಏನಂದ್ರು?”

“ಹೌದಾ ಅಂದ್ಲು. ಆಮ್ಯಾಲ ಕೇಳಿದ್ಲು... ಅವಗ ಈಜು ಬರತೈತೇನವಾ, ಅಂತ.”

ಶಂಕರ್ ಜೋರಾಗಿ ನಕ್ಕ. ನಗುತ್ತ ನಗುತ್ತಲೇ ಅವನ ಕಣ್ಣು ತುಂಬಿತು. ಸೀಟಿನ ಮೇಲಿದ್ದ ಅವಳ ಕೈಯನ್ನು ಮೊದಲ ಸಲ ಹಿಡಿದ. ರೆಸಿನ್ನಿಗೆ ಒರಟಾದ ಆ ಬೆರಳುಗಳು ಹಿಂದೆ ಸರಿಯಲಿಲ್ಲ.

“ಚೆನ್ನಾಗಿ ಬರುತ್ತೆ ಅಂತ ಹೇಳು, ನೀಲಾ.”