ಹೊಗೆಯ ಹೆಸರಿಗೆ

ಕೆನ್ನೆಗೆ ಬಿದ್ದ ಏಟು ರಾತ್ರಿಯೇ ಆರಿತ್ತು. ಅಣ್ಣ ಆಡಿದ ಮಾತು ಮಾತ್ರ ಬೆಳಗಾದರೂ ಗುರುಶಾಂತನ ಹೊಟ್ಟೆಯಲ್ಲಿ ಉರಿಯುತ್ತಿತ್ತು.

“ಬೆಂಕಿ ಹಚ್ಚಿದಾಂವ ನೀನು. ನಾಳೆ ಸಂಜಿಯೊಳಗ ನೀನಾಗೇ ಊರ ಮುಂದ ಒಪ್ಕೋ. ಇಲ್ಲಾಂದ್ರ ನಾನೇ ಹೇಳ್ತೇನಿ.”

ಹೇಳಿಯೇ ಬಿಡುವ ಆಸಾಮಿ ಅಣ್ಣ ಕಲ್ಲಿನಾಥ. ಸುಳ್ಳಿಗೆ ನಾಲಿಗೆಯೇ ಹೊರಳದ ಪುಣ್ಯಾತ್ಮ!

ಆದದ್ದಿಷ್ಟು. ಕಬ್ಬು ಕಡಿದ ಹೊಲದಲ್ಲಿ ಉಳಿದ ರವದಿಗೆ, ಒಣಗಿದ ಕಬ್ಬಿನೆಲೆಗೆ, ಗಾಳಿ ಜೋರಿದೆ ಬೇಡವೆಂದು ಅಣ್ಣ ಹೇಳಿದರೂ ಕೇಳದೆ, ಗುರುಶಾಂತ ಕಡ್ಡಿ ಗೀರಿದ್ದ. ಬೆಂಕಿ ಬದು ಹಾರಿತು, ನೆರೆಯ ಕಬ್ಬು ತಿಂದಿತು, ಗುಡ್ಡದ ಹುಲ್ಲಿಗೆ ಏರಿತು. ಅಲ್ಲಿ ಆಡು ಮೇಯಿಸುತ್ತಿದ್ದ ಸಕ್ಕುಬಾಯಿ ಆಡುಗಳ ಜೊತೆಗೇ ಸುಟ್ಟು ಕರಕಲಾದಳು. ಕರಜಗಿ ಊರಿಗೆ ಊರೇ ಹೊಗೆಯಲ್ಲಿ ಕೆಮ್ಮಿತು. ತಾಯಿಯನ್ನು ಕಂಬಳಿಯಲ್ಲಿ ಕಟ್ಟಿ ತಂದ ಗುರುಲಿಂಗ, ಕಬ್ಬು ಕಡಿಯುವ ಕೊಯ್ತಾ ಹಿಡಿದು ಊರ ಅಗಸಿಬಾಗಿಲಲ್ಲಿ ನಿಂತು ಕೂಗಿದ್ದ: “ಹಚ್ಚಿದಾಂವನ ಹೆಸರೊಂದು ಸಿಗ್ಲಿ. ಕಬ್ಬು ಕಡದಂಗ ಕಡೀತೇನಿ!” ಗುಂಪಿನಲ್ಲಿದ್ದ ಗುರುಶಾಂತನೂ ಹೌದು ಹೌದೆಂದು ತಲೆಯಾಡಿಸಿದ್ದ.

ಆ ಹೆಸರು ಗೊತ್ತಿದ್ದುದು ಇಬ್ಬರಿಗೆ. ಸಂಜೆಯೊಳಗೆ ಒಬ್ಬನಿಗಷ್ಟೇ ಗೊತ್ತಿರಬೇಕಿತ್ತು.

ದಾರಿ ತೋರಿಸಿದ್ದು ಸರಕಾರವೇ. ಬೆಳಗಾಗುತ್ತಲೇ ಹೈಸ್ಕೂಲಿನಲ್ಲಿ ತುರ್ತು ಆರೋಗ್ಯ ಶಿಬಿರ ಶುರುವಾಗಿತ್ತು. ಆಟೋದ ಮೈಕು ಓಣಿ ಓಣಿಯಲ್ಲಿ ಒದರುತ್ತಿತ್ತು: “ಹೊಗೆ ಕುಡಿದವರು ಎರಡು ದಿನದ ಮೇಲೂ ಉಸಿರುಗಟ್ಟಿ ಸಾಯಬಹುದು. ತಡಮಾಡದೆ ತಪಾಸಣೆ ಮಾಡಿಸಿಕೊಳ್ಳಿ.” ಕೇಳಿದವರ ಎದೆ ಝಲ್ಲೆಂದಿತು. ಗುರುಶಾಂತನ ಎದೆ ತಣ್ಣಗಾಯಿತು.

ಅವನು ಲೆಕ್ಕ ಹಾಕಿದ. ನಿನ್ನೆ ಹಸಿ ಗೋಣಿಚೀಲ ಹಿಡಿದು ಬೆಂಕಿ ಬಡಿದವರಲ್ಲಿ ಅಣ್ಣನೇ ಮುಂದಿದ್ದ, ಊರೆಲ್ಲ ಕಂಡಿದೆ. ಮದುವೆಯಿಲ್ಲ, ಮಕ್ಕಳಿಲ್ಲ, ತೋಟದ ಕೋಣೆಯಲ್ಲಿ ಒಬ್ಬನೇ ವಾಸ. ಜ್ವರ ಬಂದರೂ ವಿಭೂತಿ, ಬೇವಿನ ಕಷಾಯ ಬಿಟ್ಟು ಸೂಜಿಯ ಮುಖ ನೋಡಿದವನಲ್ಲ. ಅಂಥವನು ಶಿಬಿರಕ್ಕೆ ಹೋಗಲಿಲ್ಲ, ಸತ್ತ ಎಂದರೆ ಯಾರು ತಾನೇ ಅನುಮಾನಪಟ್ಟಾರು?

ಮೊದಲು ತಾನು ಶಿಬಿರಕ್ಕೆ ಹೋಗಿ ಎಲ್ಲರ ಕಣ್ಣಿಗೆ ಬೀಳುವಂತೆ ಕೂತ. ಡಾಕ್ಟರು ಒಬ್ಬೊಬ್ಬರ ಎದೆಗೂ ಕೊಳವೆ ಇಟ್ಟು ನೋಡುತ್ತಿದ್ದರು. ಎದೆ ಸುಯ್ಯೆಂದವರ ಮುಖಕ್ಕೆ ಆಕ್ಸಿಜನ್ ಹಚ್ಚಿ, ನೇರ ಅಂಬುಲೆನ್ಸಿನಲ್ಲಿ ಅಫಜಲಪುರದ ಆಸ್ಪತ್ರೆಗೆ. ಎದೆ ಸರಿಯಿದ್ದವರ ಎಡಗೈ ಕಿರುಬೆರಳಿನ ಉಗುರಿಗೆ, ಪೋಲಿಯೊ ಹನಿ ಹಾಕಿದ ಕೂಸುಗಳಿಗೆ ಹಚ್ಚುವಂತೆ ಅಳಿಸದ ಮಸಿ ಹಚ್ಚಿ ಮನೆಗೆ. ಗುರುಶಾಂತನಿಗೂ ಹಚ್ಚಿದರು.

“ನಮ್ಮಣ್ಣ ಎಷ್ಟು ಕೈ ಮುಗದ್ರೂ ಬರವಲ್ಲರಿ,” ಎಂದು ಅವನು ಹಿರಿಯ ಶಾಂತಲಿಂಗಪ್ಪನ ಮುಂದೆ ಕಣ್ಣೊರೆಸಿಕೊಂಡ. “ನಿನ್ನಿ ಸಂಜಿಯಿಂದ ಹಾಸಿಗಿ ಬಿಟ್ಟು ಎದ್ದಿಲ್ಲ. ಉಸುರು ಎಳ್ಯಾಕತ್ತಾನ.”

“ಹಟಮಾರಿ ಅದಾನ ಅಂವ,” ಎಂದು ಮುದುಕ ನಿಟ್ಟುಸಿರಿಟ್ಟ.

ಮನೆಗೆ ಬಂದು ಸುಣ್ಣ, ಸೋಪು ಹಚ್ಚಿ ಉಗುರು ತಿಕ್ಕಿದ. ಹಾಳಾದ ಮಸಿ ಜಪ್ಪಯ್ಯ ಅನ್ನಲಿಲ್ಲ. ಇರಲಿ ಬಿಡು ಎಂದುಕೊಂಡು ತೋಟದ ಕಡೆ ನಡೆದ.

ಮಧ್ಯಾಹ್ನ. ಊರೆಲ್ಲ ಶಾಲೆಯಲ್ಲಿತ್ತು. ಕಲ್ಲಿನಾಥ ಬಾವಿಯಿಂದ ಸುಟ್ಟ ಪೈಪು ಎಳೆದು, ಮೊಣಕೈವರೆಗೂ ಮಸಿಯಾಗಿ, ಹೊರಸಿನ ಮೇಲೆ ದಣಿದು ಕೂತಿದ್ದ. ತಮ್ಮನನ್ನು ಕಂಡು ಮುಖ ಅರಳಿತು.

“ಬಾರೋ ತಮ್ಮಾ. ಒಪ್ಕೊಂಡು ಬಂದ್ಯೇನು? ಮುಂಜಾನಿ ಇಲ್ಲಿ—”

ಮಾತು ಮುಗಿಯುವ ಮೊದಲೇ ಹಸಿ ಕಂಬಳಿ ಮುಖದ ಮೇಲೆ ಬಿತ್ತು. ಗುರುಶಾಂತ ಎದೆಯ ಮೇಲೆ ಮೊಣಕಾಲೂರಿ ಇಡೀ ಭಾರ ಬಿಟ್ಟು ಒತ್ತಿದ. ಹೊರಸಿನ ಹಗ್ಗ ಹರಿಯಿತು. ಇಬ್ಬರೂ ನೆಲಕ್ಕೆ ಉರುಳಿದರು. ಕಬ್ಬು ಹೊತ್ತ ಮೈ, ಸುಲಭಕ್ಕೆ ಸಾಯಲೊಲ್ಲದು. ಒಮ್ಮೆ ಕಂಬಳಿ ಸರಿದು ಒಂದು ಕಣ್ಣು ಕಂಡಿತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. ಅದೇ ಗುರುಶಾಂತನನ್ನು ರೇಗಿಸಿತು. “ಸಾಯಿ! ಸಾಯಲೇ!” ಎಂದು ಹಲ್ಲು ಕಡಿದು, ಪಕ್ಕೆಲುಬು ಲಟಕ್ಕೆನ್ನುವವರೆಗೆ ಒತ್ತಿದ. ಹಿಮ್ಮಡಿಗಳು ನೆಲ ಕೆರೆದು ಕೆರೆದು ನಿಂತವು.

ಮುಂದಿನದು ನಾಜೂಕಿನ ಕೆಲಸ. ಒಲೆಯ ಕಾಡಿಗೆ ತಂದು ಮೂಗಿನೊಳಗೆ, ಗಂಟಲಿಗೆ, ಬೆರಳು ಬೆರಳಿಗೂ ಮೆತ್ತಿದ. ಬೆಂಕಿ ಬಡಿದು ಬಂದು ಕೈ ಕೂಡ ತೊಳೆಯದೆ ಮಲಗಿದವನ ಹೆಣ ಹೇಗಿರಬೇಕೋ ಹಾಗೇ ಕಂಡಿತು. ಆಮೇಲೆ ಎದೆ ಬಡಿದುಕೊಳ್ಳುತ್ತ ಊರಿಗೆ ಓಡಿದ.

ಎಲ್ಲವೂ ನೆನೆಸಿದಂತೆಯೇ ನಡೆಯಿತು. “ಆ ಹೆಣಾ ಕೊಯ್ಸೋದು ಬ್ಯಾಡ. ಹೊತ್ತು ಮುಳುಗೋದ್ರೊಳಗ ಮಣ್ಣು ಮಾಡೂಣು,” ಎಂದ ಶಾಂತಲಿಂಗಪ್ಪ. ಗುರುಲಿಂಗ ತನ್ನ ದುಃಖ ನುಂಗಿಕೊಂಡು ಗುಣಿ ತೋಡಿ ಬಂದು, ಕೊಯ್ತಾ ಗೋಡೆಗೆ ಆನಿಸಿ, ಗುರುಶಾಂತನ ಹೆಗಲ ಮೇಲೆ ಕೈಯಿಟ್ಟ. “ನಮ್ಮವ್ವನ ಕೊಂದ ಹೊಗಿನೇ ನಿಮ್ಮಣ್ಣನ್ನೂ ಕೊಂತು,” ಎಂದು ಅತ್ತ. ಗುರುಶಾಂತನಿಗೆ ನಗು ಬರುವುದೊಂದು ಬಾಕಿ.

ಹೆಣವನ್ನು ಅಂಗಳದಲ್ಲಿ ಕೂರಿಸಿ ನೀರು ಹಾಕಿದರು. “ಎಡಗೈ ಚೊಲೊ ತೊಳಿಯಪ್ಪಾ,” ಎಂದ ಶಾಂತಲಿಂಗಪ್ಪ, ಹೆಣದ ಕೊರಳ ಲಿಂಗ ಬಿಚ್ಚಿ ಹಿಡಿದುಕೊಂಡು, “ಅಂಗೈಯೊಳಗ ಲಿಂಗ ಇಡಬೇಕು.” ಗುರುಶಾಂತ ಬಿಕ್ಕುತ್ತಲೇ ತಿಕ್ಕಿದ. ಕಾಡಿಗೆ ಕರಗಿ ಹರಿಯಿತು, ಅಂಗೈ ಬೆಳ್ಳಗಾಯಿತು, ಬೆರಳು ಬೆಳ್ಳಗಾದವು. ಕಿರುಬೆರಳಿನ ಉಗುರು ಮಾತ್ರ ಎಷ್ಟು ತಿಕ್ಕಿದರೂ ಕಪ್ಪಗೇ ಉಳಿಯಿತು. ಸುತ್ತ ನಿಂತವರೆಲ್ಲ ತಮ್ಮ ತಮ್ಮ ಉಗುರು ನೋಡಿಕೊಂಡರು. “ಮುಂಜಾನಿ ಶಿಬಿರದ ವ್ಯಾನು ತ್ವಾಟದ ಮನಿಗೋಳಿಗೂ ಹೋಗಿತ್ತಲ್ಲೋ,” ಎಂದ ಶಾಂತಲಿಂಗಪ್ಪ ಮೆಲ್ಲಗೆ. “ಎದಿ ಸಾಫ್ ಇದ್ದವ್ರಿಗಷ್ಟೇ ಈ ಮಸಿ.” ಗುರುಲಿಂಗ ಹೆಗಲ ಮೇಲಿನ ಕೈ ತೆಗೆದು, ಗೋಡೆಗಿದ್ದ ಕೊಯ್ತಾ ಎತ್ತಿಕೊಂಡ. “ನಿಮ್ಮಣ್ಣ ಏನು ಕಂಡಿದ್ದ, ಗುರುಶಾಂತ?” ಎಂದು ಕೇಳಿದ. ಗುರುಶಾಂತ ಇನ್ನೂ ಆ ಉಗುರನ್ನೇ ತಿಕ್ಕುತ್ತಿದ್ದ.