ಹುಡುಕಿ ತಂದ ಪ್ರಾರ್ಥನೆ

ತೀರಿಹೋದ ನನ್ನಾಕೆ ಹಾಡಿ ಫೋನಿನಲ್ಲಿ ಉಳಿಸಿದ್ದ ದೇವರ ಹಾಡುಗಳು ಅಳಿಸಿಹೋಗಿ, ಅವು ಮತ್ತೆ ಬೇಕೆಂದಾಗ, ಅಳಿಯ ಅವಳ ಫೋನಿಗೆ ಅಳಿಸಿದ್ದನ್ನು ಹುಡುಕಿ ತರುವ ಒಂದು ಆ್ಯಪ್ ಹಾಕಿಕೊಟ್ಟ.

"ಇದು ಒಳಗೊಳಗೇ ತನ್ನ ಪಾಡಿಗೆ ಹುಡುಕ್ತಾ ಇರತ್ತೆ ಮಾವ. ಸಿಕ್ಕಿದ್ದು ಒಂದೊಂದಾಗಿ ಬರತ್ತೆ. ಅತ್ತೆ ಥರಾನೇ, ಅವಸರ ಮಾಡಿದ್ರೆ ಆಗಲ್ಲ," ಎಂದು ನಕ್ಕ.

ಹಾಡುಗಳು ಬಂದವು. ಅಷ್ಟು ಹೊತ್ತು ದುಡಿದರೂ ಫೋನು ಕಲ್ಲಿನಂತೆ ತಣ್ಣಗಿತ್ತು. ಕೊನೆಗೆ ಬಂದದ್ದು ನನ್ನದೇ ದನಿ: "ದೇವರೇ, ಮೊಮ್ಮಗಳ ಜ್ವರ ಇಳಿಸಪ್ಪಾ." ಅದರ ಮೇಲೆಯೇ ನನ್ನಾಕೆಯ ದನಿ, ಕಿವಿಗೆ ಬಾಯಿಟ್ಟಂತೆ: "ಸಾಕು ರೀ, ಬೇಡ್ಕೋಬೇಡಿ. ಅವಳು ನನ್ನ ಹತ್ರ ಬರ್ಲಿ."

ನಾನು ಹಾಗೆ ಎಂದೂ ಬೇಡಿರಲಿಲ್ಲ. ಮೊಮ್ಮಗಳಿಗೆ ಜ್ವರವೇ ಬಂದಿರಲಿಲ್ಲ, ಅಂಗಳದಲ್ಲಿ ಚೆಂಡಾಡುತ್ತಿದ್ದಳು.

ಇಂದು ಸಂಜೆ ಮಗುವಿನ ಮೈ ಕೆಂಡದಂತೆ ಸುಡುತ್ತಿದೆ. ದೇವರ ಮುಂದೆ ಕೂತಿದ್ದೇನೆ, ಬಾಯಿ ತೆರೆಯಲು ಧೈರ್ಯವಾಗುತ್ತಿಲ್ಲ. ಪಕ್ಕದಲ್ಲಿ ಆ ಫೋನು ಇನ್ನೂ ಹುಡುಕುತ್ತಿದೆ.