ಎದೆಯೊಳಗಿನ ರಾಗಿ

"ಬ್ಲೇಡು ಕೆಳಗಿಡಿ ಕಾಮಶಾಜಮ್ಮ! ಅದು ನನ್ನ ಮಗನ ಮೈಗೆ ತಾಗಿದ್ರೆ ನಾನು ಸುಮ್ನಿರಲ್ಲ!"

ಕ್ಯಾರಿಸೀಮಳ ಕೂಗಿಗೆ ಅಂಗಳದಲ್ಲಿ ಒಣಹಾಕಿದ್ದ ರಾಗಿ ಹೆಕ್ಕುತ್ತಿದ್ದ ಕೋಳಿಗಳೂ ಬೆಚ್ಚಿ ಹಾರಿದವು. ಅವಳು ಎದೆಗವಚಿಕೊಂಡಿದ್ದ ನಾಲ್ಕು ತಿಂಗಳ ಅಹೆಬ್ವ ಅಳಲೂ ತ್ರಾಣವಿಲ್ಲದೆ ಏದುಸಿರು ಬಿಡುತ್ತಿದ್ದ. ಮೂರು ದಿನದ ಹಿಂದೆ ಬರೀ ನೆಗಡಿ. ನಿನ್ನೆ ಕೆಮ್ಮು. ಇವತ್ತು ಬೆಳಿಗ್ಗೆಯಿಂದ ಮೊಲೆ ಹಿಡಿಯುತ್ತಾನೆ, ಎರಡು ಗುಟುಕಿಗೆ ಬಿಟ್ಟುಬಿಡುತ್ತಾನೆ, ಮೂಗಿನ ಹೊಳ್ಳೆ ಅರಳಿಸಿ ಗಾಳಿಗಾಗಿ ತಡಕಾಡುತ್ತಾನೆ... ಅಯ್ಯೋ, ಆ ಪುಟ್ಟ ಎದೆ!

ಬಾಗಿಲಿಗೆ ಅಡ್ಡ ನಿಂತವಳು ಅತ್ತೆ ಕೆಬಿರುಂಗಿ. ನಾಲ್ಕು ಗುಡ್ಡದಾಚೆಗೂ ಕೇಳಿಸುವ ಬಾಯಿ ಅವಳದು.

"ಎದೇಲಿ ರಾಗಿ ಕೂತಿದೆ ಕಣೇ! ಒಣಹಾಕಿದ ರಾಗಿ ಪಕ್ಕ ಕೂತು ಹಾಲು ಕುಡಿಸ್ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ? ಕಾಳು ಒಳಗ್ಹೋಗಿ ಕೂತಿದೆ. ಈಗ ಎದೆ ಗೀರಿ ತೆಗೀಲೇಬೇಕು. ತಪ್ಪು ನಿಂದು, ಸಂಕಟ ಕೂಸಿಗೆ!"

"ಅದು ರಾಗಿಯಲ್ಲ ಅತ್ತೆ, ವೈರಸ್ಸು. ಲಸಿಕೆ ಹಾಕಿಸೋಕೆ ಹೋದಾಗ ನರ್ಸಮ್ಮ ಎಲ್ಲಾ ಹೇಳಿಕೊಟ್ರು..."

"ಆ ನರ್ಸಮ್ಮ ಎಷ್ಟು ಹೆತ್ತಿದಾಳಂತೆ?"

ಗೀರುವುದರಲ್ಲಿ ಹೆಸರುವಾಸಿಯಾದ ಪಕ್ಕದ ಮನೆಯ ಕಾಮಶಾಜಿ ಬ್ಲೇಡನ್ನು ಹೊದ್ದ ಬಟ್ಟೆಯ ಅಂಚಿಗೆ ಒರೆಸಿಕೊಂಡಳು. ಕ್ಯಾರಿಸೀಮ ಗಂಡ ಮುಗರೂರನ ಮುಖ ನೋಡಿದಳು. ಅವನು ಅಂಗಿ ಎತ್ತಿ ಎದೆ ತೋರಿಸಿದ.

"ನಂಗೂ ಗೀರ್ಸಿದ್ರು. ನೋಡು, ಐದು ಗೆರೆ. ಬದುಕಿಲ್ವಾ ನಾನು?"

"ನೀವು ಬದುಕಿದ್ರಿ. ಬಾಳೆತೋಟದಲ್ಲಿ ಮಲಗಿದಾರಲ್ಲ ನಿಮ್ಮಣ್ಣ, ನಿಮ್ಮಕ್ಕ... ಅವರ ಎದೇನೂ ಗೀರಿದ್ರಲ್ವಾ?"

ಮೂವತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದಿದ್ದ ಮಾತು! ಕೆಬಿರುಂಗಿ ಬಾಳೆತೋಟದ ಕಡೆ ತಿರುಗಿದಳು. ಮನೆಯ ಹಿಂದಿನ ಆ ಎರಡು ಪುಟ್ಟ ದಿಬ್ಬಗಳ ಮೇಲಿನ ಕಳೆಯನ್ನು ಅವಳು ಯಾರಿಗೂ ಕೀಳಲು ಬಿಡುತ್ತಿರಲಿಲ್ಲ, ತಾನೇ ಕೀಳುತ್ತಿದ್ದಳು. ಆ ದಿಬ್ಬಗಳಿಗೆ ಕಾರಣ ಅವಳೇ? ಅಲ್ಲ! ಆಸ್ಪತ್ರೆ ಕಟ್ಟಿಸುತ್ತೇವೆಂದು ಓಟು ಕೇಳಿ ಹೋದವರು, ದಾರಿಯನ್ನೂ ಮಾಡಿಸದವರು, ತಾಯಂದಿರಿಗೆ ಬ್ಲೇಡಿನ ಹೊರತು ಬೇರೇನನ್ನೂ ಉಳಿಸದೆ ಆಮೇಲೆ ಅವರನ್ನೇ ಮೂಢರೆಂದು ಜರೆದವರು. ಅವರ ಅಂಗಳದಲ್ಲಿ ಯಾವ ದಿಬ್ಬವೂ ಇಲ್ಲ.

ಕ್ಯಾರಿಸೀಮ ಮಗುವಿನ ಅಂಗಿ ಸರಿಸಿದಳು. ಅವಳ ಧ್ವನಿ ಇಳಿದಿತ್ತು.

"ಅತ್ತೆ, ನಂಗೆ ಬಯ್ಯಿರಿ, ಆಮೇಲೆ ಬಯ್ಯಿರಿ. ಈಗ ಇಲ್ನೋಡಿ. ಉಸಿರು ಎಳ್ದಾಗೆಲ್ಲ ಪಕ್ಕೆ ಕೆಳಗೆ ಗುಳಿ ಬೀಳ್ತಿದೆ. ನಿಮ್ಮ ಕೆಂಪು ಹಸೂನ ಕರು ಹಿಂಗೆ ಉಸಿರಾಡಿದ್ರೆ ಏನಂತೀರಿ?"

ಕೆಬಿರುಂಗಿ ಬಾಗಿ ನೋಡಿದಳು. ಸೊಸೆಯ ಮುಂದೆ ಏನನ್ನಾದರೂ ವಾದಿಸಿಯಾಳು. ಆದರೆ ದನದ ವಿಷಯದಲ್ಲಿ ಸುಳ್ಳು ಹೇಳುವುದು ಅವಳ ಹುಟ್ಟಿನಲ್ಲೇ ಇರಲಿಲ್ಲ.

"ಕರುವಾದ್ರೆ..." ಅವಳು ಗುಳಿಬೀಳುತ್ತಿದ್ದ ಪಕ್ಕೆಯ ಮೇಲೆ ಕೈಯಿಟ್ಟಳು. "ಗಾಳಿ ಸಾಲ್ತಿಲ್ಲ ಅಂತೀನಿ."

"ಗೀರ್ತೀರಾ?"

"ಗೀರಿದ್ರೆ ಸಾಯುತ್ತೆ." ಮುದುಕಿ ಗಕ್ಕನೆ ನೆಟ್ಟಗಾದಳು. "ಲೇ ಮುಗರೂರ, ಮರದ ಹಾಗೆ ನಿಂತಿದೀಯಲ್ಲೋ! ಮೋಟಾರ್‌ಬೈಕಿನವನ್ನ ಕರೀ!"

ಕೂಸನ್ನೆತ್ತಿಕೊಂಡ ಸೊಸೆಯನ್ನು ಹಿಂದೆ ಕೂರಿಸಿಕೊಂಡು, ಹುಟ್ಟಿ ಅರವತ್ತೆರಡು ವರ್ಷಕ್ಕೆ ಮೊದಲ ಬಾರಿ ಬೈಕು ಹತ್ತಿದ ಕೆಬಿರುಂಗಿ ದಾರಿಯುದ್ದಕ್ಕೂ ಸವಾರನ ಬೆನ್ನಿಗೆ ಗುದ್ದುತ್ತಲೇ ಇದ್ದಳು. "ಗುಂಡಿ ನೋಡ್ಕೊಂಡು ಹೋಗೋ! ಹಿಂದೆ ರಾಜ ಕೂತಿದಾನೆ!" ಸವಾರ ನಕ್ಕ. "ಗುಂಡಿ ಬಿಟ್ಟು ಹೋಗೋಕೆ ದಾರಿ ಎಲ್ಲಿದೆ ಅಜ್ಜಿ?"

ಗುಡ್ಡದಾಚೆಯ ಆಸ್ಪತ್ರೆಯಲ್ಲಿ ನರ್ಸ್ ತುಶಾಬೆ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದಳು. ಅರವತ್ತೆಂಟು ಉಸಿರು, ಐವತ್ತು ದಾಟಬಾರದಿತ್ತು. ಮೂಗಿಗೆ ಉಪ್ಪುನೀರಿನ ಹನಿ ಬಿಟ್ಟು ಸಿಂಬಳ ಹೀರಿ ತೆಗೆದು, ಎಳೆಯಷ್ಟು ತೆಳ್ಳಗಿನ ಕೊಳವೆ ಇಟ್ಟು ಆಮ್ಲಜನಕ ಹರಿಸಿದಳು. ಪುಣ್ಯಕ್ಕೆ ಅವತ್ತು ಕರೆಂಟಿತ್ತು. ಕೂಸಿನ ಉಸಿರೂ ಪುಣ್ಯದ ಮೇಲೆ ನಡೆಯಬೇಕಾದ ಆಡಳಿತಕ್ಕೆ ಏನೆನ್ನೋಣ!

"ಸೂಜಿ ಎಲ್ಲಮ್ಮ?" ಕೆಬಿರುಂಗಿ ಕೇಳಿದಳು.

"ಈ ವೈರಸ್ಸಿಗೆ ಸೂಜಿಯಿಲ್ಲ ಅಜ್ಜಿ. ಅದಾಗೇ ಹೋಗುತ್ತೆ. ಹೋಗೋವರೆಗೂ ಉಸಿರಿಗೆ ಆಸರೆ ಕೊಡ್ಬೇಕು, ಸ್ವಲ್ಪ ಸ್ವಲ್ಪವೇ ಹಾಲು ಕುಡಿಸ್ತಾ ಇರ್ಬೇಕು."

"ಸೂಜಿಯಿಲ್ಲದ ಆಸ್ಪತ್ರೆ! ಕೊಂಬಿಲ್ಲದ ಹಸು!"

ತುಶಾಬೆ ನಗುತ್ತ ಕೇಳಿದಳು. "ಮನೇಲಿ ಯಾರಿಗಾದ್ರೂ ನೆಗಡಿ ಇತ್ತಾ? ದೊಡ್ಡೋರಿಗೆ ಅದು ಬರೀ ನೆಗಡಿ. ಇಷ್ಟು ಸಣ್ಣ ಕೂಸಿಗೆ ಎದೆಗಿಳಿಯುತ್ತೆ."

ಕ್ಯಾರಿಸೀಮ ನೆಲ ನೋಡಿದಳು. ಆದರೆ ಕೆಬಿರುಂಗಿಯ ಕೈ ತಾನಾಗಿ ತನ್ನ ಮೂಗಿಗೆ ಹೋಯಿತು. ವಾರವಿಡೀ ಸೀನುತ್ತ, ಮೂಗೊರೆಸಿದ ಕೈಯಲ್ಲೇ ಮೊಮ್ಮಗನ ಕೆನ್ನೆ ಹಿಂಡಿ, ದಿನಕ್ಕೆ ನೂರು ಮುತ್ತಿಟ್ಟವಳು ಅವಳೇ...

"ನಾನೇ... ನನ್ನ ಮುತ್ತೇ! ನಿನ್ನ ಮೇಲೆ ಹೊರಿಸಿದ್ನಲ್ಲೇ... ಆ ಇಬ್ಬರಿಗೂ... ಹಿಂಗೇ ಏನೋ..." ಆ ದೊಡ್ಡ ಬಾಯಿ ಕೂಸಿನ ಬಾಯಿಯಂತೆ ಅಳತೊಡಗಿತು.

ಕ್ಯಾರಿಸೀಮ ಅತ್ತೆಯ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. "ನಿಮ್ಗೆ ಯಾರೂ ಹೇಳ್ಲಿಲ್ಲ ಅತ್ತೆ. ಹೇಳ್ಬೇಕಾದೋರು ಹೇಳ್ಲಿಲ್ಲ. ಅಷ್ಟೇ."

ಮೂರನೆಯ ದಿನ ಅಹೆಬ್ವ ಮೊಲೆ ಹಿಡಿದವನು ಬಿಡಲೇ ಇಲ್ಲ! ನಾಲ್ಕನೆಯ ದಿನ ತುಶಾಬೆ ಅವರನ್ನು ಕಳಿಸಿಕೊಟ್ಟಳು. ಕುಡಿಯುವ ಹಾಲು ಎಂದಿನ ಅರ್ಧಕ್ಕಿಂತ ಕಡಿಮೆಯಾದರೆ, ಪಕ್ಕೆ ಮತ್ತೆ ಗುಳಿಬಿದ್ದರೆ, ತುಟಿ ನೀಲಿಗಟ್ಟಿದರೆ ಕಾಯದೆ ಓಡಿ ಬನ್ನಿ ಎಂದಳು. ಕೆಬಿರುಂಗಿ ಆ ಮೂರನ್ನೂ ದಾರಿಯುದ್ದಕ್ಕೂ ಬೈಕಿನವನಿಂದ ಬಾಯಿಪಾಠ ಹೇಳಿಸಿದಳು.

ಅಂದಿನಿಂದ ಆ ಮನೆಗೆ ಹೊಸ ಆಳ್ವಿಕೆ. ಬೇಲಿಯ ಬಾಗಿಲಲ್ಲಿ ಸೋರೆಬುರುಡೆ ತುಂಬ ನೀರು, ಸೋಪು, ಪಕ್ಕದಲ್ಲಿ ದನ ಕಾಯುವ ಕೋಲು ಹಿಡಿದ ಕೆಬಿರುಂಗಿ. ಕೂಸು ನೋಡಲು ಬಂದ ಕಾಮಶಾಜಿ ಒಮ್ಮೆ ಮೂಗೆಳೆದದ್ದೇ ತಡ, ಕೋಲು ಅಡ್ಡ ಬಂತು.

"ಅಲ್ಲೇ ನಿಂತ್ಕೋ! ಮೂಗು ಒಣಗಿದ ಮೇಲೆ ಬಾ. ಮುತ್ತು ಕೊಡ್ಬೇಕಾ? ನಿನ್ನ ಗಂಡನಿಗೆ ಕೊಡು!"

"ಅವನಿಗೂ ನೆಗಡಿ ಅಕ್ಕಾ!"

"ಇನ್ನೂ ಒಳ್ಳೇದು! ಇಬ್ಬರೂ ಮನೇಲೇ ಇರಿ! ಹಾಂ, ಆ ಬ್ಲೇಡಲ್ಲಿ ಉಗುರು ಕತ್ತರಿಸ್ಕೋ."

ಅಂಗಳವೆಲ್ಲ ನಗೆ. ಕಾಮಶಾಜಿಯೂ ನಕ್ಕಳು, ದೂರದಿಂದಲೇ.

ಅಂದು ಮಧ್ಯಾಹ್ನ ಅಹೆಬ್ವ ಬಾಳೆಯ ನೆರಳಿನಲ್ಲಿ ನಿದ್ದೆ ಹೋಗಿದ್ದ. ಕೆಬಿರುಂಗಿ ರಾಗಿಯ ಮೊರ ತಂದು ಪಕ್ಕದಲ್ಲಿ ಕೂತಳು. ಓದು ಬರದ ಅವಳಿಗೆ ದನಗಳನ್ನು ಎಣಿಸಲೂ ಕಲ್ಲು ಬೇಕಿತ್ತು. "ನಿನ್ನ ಫೋನಲ್ಲಿ ನಿಮಿಷ ನೋಡೇ," ಎಂದಳು ಸೊಸೆಗೆ. ಕೂಸಿನ ಎದೆ ಒಮ್ಮೆ ಏರಿದರೆ ಒಂದು ಕಾಳು ಅಂಗೈಗೆ. ಮತ್ತೊಮ್ಮೆ, ಮತ್ತೊಂದು. ಅವಳ ತುಟಿಯಲ್ಲಿ ಪ್ರಾರ್ಥನೆಯೋ ಜೋಗುಳವೋ...

"ಸಾಕು ಅತ್ತೆ, ನಿಮಿಷ ಆಯ್ತು." ಕ್ಯಾರಿಸೀಮ ಅಂಗೈಯ ಕಾಳುಗಳನ್ನು ಎಣಿಸಿದಳು. "ಮೂವತ್ತೆಂಟು!"

"ಇಷ್ಟೇನಾ?"

"ಇಷ್ಟೇ. ನಮ್ಮ ರಾಜ ಗೆದ್ದ!"

ಮುದುಕಿ ಎದ್ದು ಬಾಳೆತೋಟಕ್ಕೆ ಹೋದಳು. ಆ ಎರಡು ದಿಬ್ಬಗಳ ಮೇಲಿನ ಕಳೆ ಕಿತ್ತು, ಕಣ್ಣೊರೆಸಿಕೊಂಡು ಬಂದಳು. ಆಮೇಲೆ ಮೊರದ ರಾಗಿಗೆ ಆ ಮೂವತ್ತೆಂಟು ಕಾಳುಗಳನ್ನೂ ಸೇರಿಸಿ ಬೀಸಿ ಮುದ್ದೆ ತಿರುವಿ, ಮೊದಲ ತುತ್ತನ್ನು ಸೊಸೆಯ ಬಾಯಿಗೆ ತಾನೇ ಇಟ್ಟಳು.

"ತಿನ್ನೇ ಮಗಳೇ. ಹಾಲು ಕುಡಿಸೋಳು ನೀನು. ರಾಗಿ ಇರ್ಬೇಕಾದ್ದು ಇಲ್ಲಿ, ನಿನ್ನ ಹೊಟ್ಟೇಲಿ."